ಬೀಗರ ಹನ್ನೆರಡು

"ಮೂವತ್ತು ಸೆಕೆಂಡಿನಾಗ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂಡ್ತೀರಿ ಅಜ್ಜಾರೆ?" ಹಿರಿಯರ ಚಟುವಟಿಕೆಯ ಸಮೀಕ್ಷೆಗೆ ಬಂದಿದ್ದ ಅಂಜುಮ್ ಕೇಳಿದಳು.

ದಾವಣಗೆರೆಯ ಆನೆಕೊಂಡದ ಏಕಾಂತಪ್ಪ ಮಂಡಿ ಸವರಿಕೊಂಡರು. "ಒಂದ್ಸಲಾನೂ ಆಗಲ್ಲಮ್ಮ. ಮೂರು ವರ್ಷದಿಂದ ನೀರು ಸೈತ ಇವಳೇ ತಂದು ಕೊಡ್ತಾಳೆ." ಹೆಂಡತಿ ಕಮಲಕ್ಕ ತಂಬಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಹೋಗ್ಲಿ ಬಿಡ್ರಿ," ಎಂದು ಅಂಜುಮ್ ಸೊನ್ನೆ ಬರೆಯಲು ಹೊರಟಳು. "ನಿನ್ನೆ ಹರಿಹರದಾಗ ಪರಸಪ್ಪನೋರು, ನಿಮ್ಮ ಬೀಗರಂತೆ, ಹನ್ನೆರಡು ಸಲ ಎದ್ರು."

ಏಕಾಂತಪ್ಪ ಪಂಚೆ ಎತ್ತಿ ಕಟ್ಟಿದರು. "ಗಡಿಯಾರ ನೋಡಮ್ಮ!" ಕುರ್ಚಿ ಕಿರುಗುಟ್ಟಿತು, ಹಲ್ಲಿನ ಸೆಟ್ಟು ಅಲುಗಾಡಿತು. "ಬರ್ಕೊ, ದಾವಣಗೆರೆ ಹದಿಮೂರು!" ಎಂದು ಧೊಪ್ಪನೆ ಕೂತವರು ಏದುಸಿರು ಬಿಡುತ್ತಾ ನೀರಿಗೆ ಕೈ ಚಾಚಿದರು.

ಕಮಲಕ್ಕ ತಂಬಿಗೆಯನ್ನು ಒಳಗೊಯ್ದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. "ನೀರು ಇಲ್ಲೈತೆ. ಹದಿನಾಲ್ಕನೇ ಸಲ ಎದ್ದು ಬರ್ರಿ."