ಅಧ್ಯಕ್ಷರನ್ನು ಇಳಿಸಿದ ಯಲ್ಲವ್ವ

ಯಲ್ಲವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಡೆಗೆ ಏಣಿ ಆನಿಸಿ, ಬೊಲಿವಿಯಾ ದೇಶದ ಅಧ್ಯಕ್ಷರೊಬ್ಬರನ್ನು ಇಳಿಸಲು ಹತ್ತಿದಳು. ಮೂರನೇ ಮೆಟ್ಟಿಲು ಮುಟ್ಟುವಷ್ಟರಲ್ಲಿ ಮ್ಯಾನೇಜರ್ ರಘೋತ್ತಮ ಓಡಿಬಂದ.

"ಯಲ್ಲವ್ವಾ, ಮೊದಲ ಕೆಳಗಿಳಿ. ನಾಳೆ ಉದ್ಘಾಟನಾ ಅದ. ಆ ಪಟ ಮ್ಯೂಸಿಯಮ್ಮಿನ ಆಸ್ತಿ."

"ಇಂವ ನನ್ನ ಗಂಡ್ರಿ, ಸಾಹೇಬ್ರ. ಯಾರ ಆಸ್ತಿ ಅಂತ ನೀವ ಹೇಳ್ರಿ."

ಇಬ್ಬರೂ ಹೇಳಿದ್ದು ಖರೆಯೇ. ಕಡಲತೀರಕ್ಕೆ ಹತ್ತಿರದ ಕೆಪೆ ಊರಿನಲ್ಲಿ, ಈಗ ಮ್ಯೂಸಿಯಂ ಆಗುತ್ತಿದ್ದ ಆ ಹಳೇ ಬಂಗಲೆಯ ಮಾಲಕರು ಬೊಲಿವಿಯಾದಲ್ಲಿ ಮೂವತ್ತು ವರ್ಷ ಇದ್ದು ಬಂದವರು. ಆ ದೇಶಕ್ಕೆ ಇನ್ನೂರು ವರ್ಷದಲ್ಲಿ ಅರವತ್ತಕ್ಕೂ ಹೆಚ್ಚು ಅಧ್ಯಕ್ಷರು. ಕೆಲವರು ವರ್ಷಗಟ್ಟಲೆ ಆಳಿದರು, ಕೆಲವರು ಕುರ್ಚಿ ಬೆಚ್ಚಗಾಗುವ ಮೊದಲೇ ಎದ್ದರು. ಅಷ್ಟೂ ಜನರ ಪಟ ತರಿಸಿದಾಗ ಒಂದು ಮಾತ್ರ ದಾರಿಯಲ್ಲಿ ನೀರು ಕುಡಿದು ಮುಖ ಕಳೆದುಕೊಂಡಿತ್ತು. ಗೋಡೆಗೆ ಬಣ್ಣ ಬಳಿಯುತ್ತಿದ್ದ ಯಲ್ಲವ್ವನ ಗಂಡ ಮಲಕಪ್ಪನ ಮೀಸೆ ರಘೋತ್ತಮನ ಕಣ್ಣಿಗೆ ಬಿತ್ತು. ಕರಿ ಕೋಟು ತೊಡಿಸಿ, ಅಲ್ಲಿಯ ಅಧ್ಯಕ್ಷರು ತೊಡುವ ಕೆಂಪು ಹಳದಿ ಹಸಿರು ಪಟ್ಟಿಯನ್ನು ಹೆಗಲಿಂದ ಸೊಂಟಕ್ಕೆ ಇಳಿಬಿಟ್ಟು ಫೋಟೋ ತೆಗೆಸಿದ; ಅದನ್ನು ಹಳೇದರಂತೆ ಮಾಡಿಸಿ ಸಾಲಿನಲ್ಲಿ ತೂಗುಹಾಕಿಸಿದ. ಮೊಳೆ ಹೊಡೆದವನೂ ಮಲಕಪ್ಪನೇ.

ಮರುದಿನ ಮಧ್ಯಾಹ್ನ ರೊಟ್ಟಿ ತಿಂದು ಗೋಡೆಗೆ ಮೆತ್ತುವ ಪುಟ್ಟಿಯ ಚೀಲಗಳ ಮೇಲೆ ಒರಗಿದವನು, ಮೇ ತಿಂಗಳ ಧಗೆಯಲ್ಲಿ ಗಡಗಡ ನಡುಗುತ್ತ ಎದ್ದ. "ಕಂಬಳಿ ಕೊಡ," ಎಂದ, "ನಮ್ಮ ಅರಮನಿ ಹನ್ನೆರಡ ಸಾವಿರ ಅಡಿ ಮ್ಯಾಲ ಐತಿ." ಮಲಕಪ್ಪ ಸುಳ್ಳು ಹೇಳುವ ಮನುಷ್ಯನಲ್ಲ, ಅವನ ಮೀಸೆಯ ಮೇಲೆ ಹಿಮ ಕೂತಿತ್ತು. ಅಂದಿನಿಂದ ದಿನವೂ ಎರಡರಿಂದ ಮೂರೂವರೆವರೆಗೆ ನಿದ್ದೆಯಲ್ಲೇ ಅಲ್ಲಿಗೆ ಹೋಗಿ ಆಳಿ ಬರತೊಡಗಿದ. ಅಲ್ಲಿ ಮೋಡಗಳು ಕಿಟಕಿಯಿಂದ ಒಳಗೆ ಬಂದು ಕಡತಗಳ ಮೇಲೆ ಮಲಗುತ್ತಿದ್ದವಂತೆ. ಉದ್ದ ಕುತ್ತಿಗೆಯ ಕುರಿಗಳು ಅರಮನೆಯ ಮೆಟ್ಟಿಲ ಮೇಲೆ ನಿಂತು ಇವನನ್ನೇ ನೋಡುತ್ತಿದ್ದವಂತೆ. ಯಲ್ಲವ್ವ ಹಿಮ ಒರೆಸಿ ಚಹಾ ಕೊಡುತ್ತಿದ್ದಳು. ಕುಡಿದು ಬರುವ ಗಂಡಸರನ್ನು ಕಂಡವಳಿಗೆ ಆಳಿ ಬರುವ ಗಂಡ ದೊಡ್ಡದೆನಿಸಲಿಲ್ಲ.

ಆದರೆ ಇವತ್ತು ಕಸ ಗುಡಿಸಲು ಬಂದವಳು ಗೋಡೆ ನೋಡಿದಳು. ಉದ್ಘಾಟನೆಗೆಂದು ಎಲ್ಲ ಪಟಗಳಿಗೂ ಚೆಂಡುಹೂವಿನ ಮಾಲೆ ಬಿದ್ದಿತ್ತು.

"ಬದುಕಿದ್ದಾಂವನ ಪಟಕ್ಕ ಮಾಲಿ ಹಾಕೀರಲ್ರಿ! ನನ್ನ ಕುಂಕುಮ ಅಳಸಾಕ ಕುಂತೀರೇನು?"

"ಅಲ್ಲವ್ವಾ, ಸಾಲಿನಾಗ ಒಬ್ಬವಗ ಬಿಟ್ರ ಚಂದ ಕಾಣಸೂದಿಲ್ಲ. ಮತ್ತ ಇದು ನಿನ್ನ ಗಂಡ ಅಲ್ಲ. ಈ ಮನಷಾ ಸತ್ತು ನೂರ ವರ್ಷದ ಮ್ಯಾಲಾತು."

"ಸತ್ತಾಂವ ಮುಂಜಾನಿ ನಾಕ ರೊಟ್ಟಿ ಹೆಂಗ ತಿಂದ್ನರಿ?"

ಅಷ್ಟರಲ್ಲಿ ಕಂಬಳಿ ಹೊದ್ದ ಮಲಕಪ್ಪನೇ ಬಂದು ಏಣಿ ಹಿಡಿದ. "ಏ ಯಲ್ಲವ್ವಾ, ಇನ್ನ ನಾಕ ದಿನ ಪಟ ಅಲ್ಲೇ ಇರಲಿ ಬಿಡ. ಅಲ್ಲಿ ಮಂದಿಗೆ ಮಾತ ಕೊಟ್ಟೇನಿ."

"ಏನ ಮಾತು?"

"ಅವರ ದೇಶಕ್ಕ ಸಮುದ್ರ ಇಲ್ಲ. ಹಿಂದಕ ಇತ್ತಂತ, ಯುದ್ಧದಾಗ ಕಳಕೊಂಡಾರ. ಆದ್ರೂ ನೌಕಾಪಡಿ ಇಟ್ಕೊಂಡಾರ, ಪಾಪ. ಬಿಳೀ ಅರಿವಿ ತೊಟ್ಟು ಗುಡ್ಡದ ಮ್ಯಾಲ ನಿಂತು ಕಾಯಾಕತ್ತಾರ. ನಮ್ಮ ಬೇತೂಲಿನ ದಂಡ್ಯಾಗ ಸಮುದ್ರ ಬೇಕಾದಷ್ಟ ಐತಿ, ತಂದ ಕೊಡ್ತೀನಿ ಅಂದೆ."

"ಮನ್ಯಾಗ ನಳ ಸೋರಾಕತ್ತು ಎಂಟ ದಿನ ಆತು, ಅದನ್ನ ನೋಡವಲ್ಲಿ. ಸಮುದ್ರ ಕೊಡ್ತಾನಂತ!" ಎನ್ನುತ್ತ ಯಲ್ಲವ್ವ ಮಾಲೆ ಕಿತ್ತು ಎಸೆದಳು. ಪಟ ಬಗಲಲ್ಲಿ ಹಿಡಿದು ಇಳಿದಳು. ಮಲಕಪ್ಪನ ಕೈ ಏಣಿಯಿಂದ ಮೆಲ್ಲಗೆ ಜಾರಿತು. ಚಳಿ ಬಿಟ್ಟು ಹಣೆಯ ಮೇಲೆ ಬೆವರು ಮೂಡಿತು. ಕಂಬಳಿ ತೆಗೆದು ಮಡಿಚಿಟ್ಟ.

ರಘೋತ್ತಮ ಹಿಸ್ಟರಿ ಎಂ.ಎ. ಮಾಡಿದವನು. ಉಸಿರು ಬಿಟ್ಟು ಹೇಳಿದ: "ಆತು ಬಿಡು. ಆ ದೇಶದಾಗೂ ಭಾಳ ಮಂದೀನ್ನ ಹಿಂಗ ಇಳಿಸ್ಯಾರ. ಆದ್ರ ಇಳಿಸಿದವ್ರಿಗೆ ಸುಮ್ಮ ಮನಿಗೆ ಹೋಗಾಕ ಆಗೂದಿಲ್ಲ ನೋಡವಾ. ಆ ಕುರ್ಚಿಮ್ಯಾಲ ಆಮ್ಯಾಲ ತಾವ ಕುಂಡ್ರಬೇಕಾಗತದ."

ಯಲ್ಲವ್ವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಟವನ್ನು ಗೋಣಿಚೀಲದಲ್ಲಿ ಸುತ್ತಿ ಬಂಗಲೆಯ ಹಿಂದಿನ ತಮ್ಮ ಖೋಲಿಗೆ ಒಯ್ದಳು. ಅಂದು ಮಧ್ಯಾಹ್ನ ಮಲಕಪ್ಪ ಕನಸಿಲ್ಲದೆ ಗೊರಕೆ ಹೊಡೆದ. ಪಕ್ಕದಲ್ಲಿ ಅವಳಿಗೂ ಜೊಂಪು ಹತ್ತಿತು. ಮೂರೂವರೆಗೆ ಎದ್ದವಳು ಸೀರೆಯ ನೆರಿಗೆಯಿಂದ ಬೆಳ್ಳನೆಯ ಏನನ್ನೋ ಝಾಡಿಸಿದಳು. ನೆಲ ಒದ್ದೆಯಾಯಿತು. ಅವಳು ಚಹಾಕ್ಕೆ ಇಟ್ಟಳು.

ಮರುದಿನ ಬಂಗಲೆಯಲ್ಲಿ ಖಾಲಿ ಮೊಳೆಗೂ ಒಂದು ಮಾಲೆ ಹಾಕಿ ಉದ್ಘಾಟನೆ ಮುಗಿಸಿದರು. ಯಲ್ಲವ್ವ ಅಲ್ಲಿರಲಿಲ್ಲ. ಬಣ್ಣದ ಎರಡು ಖಾಲಿ ಡಬ್ಬಿ ತೊಳೆದು, ಗಂಡನನ್ನು ಎಬ್ಬಿಸಿ, ಬಸ್ಸು ಹಿಡಿದು ಬೇತೂಲಿಗೆ ಹೋಗಿದ್ದಳು. ಮೊಣಕಾಲುದ್ದ ನೀರಿಗೆ ಇಳಿದು, ಚಲೋ ತೆರೆ ಬರುವ ತನಕ ಕಾದು, ಎರಡೂ ಡಬ್ಬಿ ತುಂಬಿಸಿ ಮುಚ್ಚಳ ಒತ್ತಿದಳು.

"ಏನಿದು?" ಎಂದ ಮಲಕಪ್ಪ.

"ಮಾತ ಕೊಟ್ಟಾಂವ ನೀ. ಆದ್ರ ಬಿಳೀ ಅರಿವಿಯವ್ರು ನಿನ್ನಿ ಮಧ್ಯಾಹ್ನ ಕನಸಿನ್ಯಾಗ ನನ್ನ ಮುಂದ ಬಂದ ನಿಂತಾರ." ಒಂದು ಡಬ್ಬಿಯನ್ನು ಅವನ ಕೈಗೆ ದಾಟಿಸಿದಳು. ಒಳಗೆ ಏನೋ ಏರಿ ಇಳಿಯುವ ಸದ್ದಾಗುತ್ತಿತ್ತು. "ಸಾವಕಾಶ ಹಿಡಿ. ಅಷ್ಟ ಮ್ಯಾಲ ಮುಟ್ಟೂತನಕ ತೆರಿ ಮುರೀಬಾರ್ದು."