ಏಳನೆಯ ಕಾಲರು

ಏಳನೇ ನಂಬರಿನ ಜೆರ್ಸಿಯನ್ನು ಹೊಸ ಆಟಗಾರನ ಅಳತೆಗೆ ಹೊಲಿಯಿರೆಂದು ತಿಮ್ಮರಾಜು ಎರಡು ಸಲ ಹೇಳಿಕಳಿಸಿದ್ದ. ಕ್ಲಬ್ಬಿನ ಮೇಜಿನ ಮೇಲೆ ಬಂದದ್ದು ಹಳೆಯ ಅಳತೆಯದೇ.

ಅವನು ಅದನ್ನು ಎತ್ತಿ ಬಿಡಿಸಿದ. ನೀಲಿ ಬಟ್ಟೆ, ಬಿಳಿ ಕಾಲರು. ಭುಜ ಅಗಲ, ತೋಳು ಉದ್ದ. ಹತ್ತು ತಿಂಗಳ ಹಿಂದೆ ಕಾಣೆಯಾದ ಶಿವಪ್ರಕಾಶನ ಅಳತೆ. ತಂಡದಲ್ಲಿ ಬೇರೆ ಯಾರ ಮೈಗೂ ಅದು ಕೂರುವಂತಿರಲಿಲ್ಲ.

ಅದು ತೊಂಬತ್ತಾರನೇ ಇಸವಿ. ಶ್ರೀರಂಗಪಟ್ಟಣದ ಆ ಕ್ಲಬ್ಬು ಆಟಗಾರರಿಗೆ ಸಂಬಳ ಕೊಟ್ಟು ಬೆಂಗಳೂರಿನ ಫುಟ್‌ಬಾಲ್ ಲೀಗ್ ಆಡಿಸುತ್ತಿತ್ತು. ಸೋಮವಾರ ಮೊದಲ ಪಂದ್ಯ. ಅಷ್ಟರೊಳಗೆ ಹೊಸ ಸಮವಸ್ತ್ರವನ್ನು ನೋಡಿ ಒಪ್ಪುವುದು ಮ್ಯಾನೇಜರ್ ತಿಮ್ಮರಾಜುವಿನ ಕೆಲಸ. ಹೊಲಿದು ತಂದ ಕಿರಂಗೂರಿನ ದರ್ಜಿ ಕಾಳಪ್ಪ ಎದುರಿಗೆ ಕುಳಿತಿದ್ದ. ಶಿವಪ್ರಕಾಶ ಅವನ ಒಬ್ಬನೇ ಮಗ. ಸೊಸೆ ಅನುಶ್ರೀ ಗಂಟು ಬಿಚ್ಚಿ ಬಟ್ಟೆ ಎತ್ತಿಕೊಡುತ್ತಿದ್ದಳು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ.

ತಿಮ್ಮರಾಜು ಏಳನ್ನು ಕೆಳಗಿಟ್ಟು ಗೋಲ್‌ಕೀಪರನದನ್ನು ಎತ್ತಿಕೊಂಡ.

"ಇದ್ಯಾನ ಕಾಳಪ್ಪಣ್ಣ, ಜೆರ್ಸಿ ಒಲ್ದಿದ್ದೀರೋ, ಲಾರಿಗೆ ಟಾರ್ಪಾಲು ಒಲ್ದಿದ್ದೀರೋ?"

"ಅವ್ನ ಒಟ್ಟೆ ಅಂಗದೆ ಕಣಪ್ಪ. ಟೇಪೇ ಸಾಲ್ಲಿಲ್ಲ."

"ಒಳ್ಳೇದೇ ಬುಡಿ. ಸುಮ್ಕೆ ನಿಂತ್ಕಂಡ್ರೂ ಗೋಲು ಬೀಳಕಿಲ್ಲ."

ಕಾಳಪ್ಪ ಅರೆಗಳಿಗೆ ನಕ್ಕ. ತಿಮ್ಮರಾಜುವಿನ ಕಣ್ಣು ಮತ್ತೆ ಏಳರ ಮೇಲೆ ಬಿತ್ತು.

"ಇದು ನಾಗಮಂಗಲದ ಸಂತೋಷಂಗೆ ಅಂತ ಏಳಿ ಕಳಿಸಿದ್ನಲ್ಲಣ್ಣ?"

"ನಮ್ ಪ್ರಕಾಸ ಬಂದ್ರೆ ಯಾನ ಆಕ್ಕತಾನೆ?"

ತಿಮ್ಮರಾಜು ಜೆರ್ಸಿಯ ತೋಳುಗಳನ್ನು ಒಳಕ್ಕೆ ಮಡಿಸಿದ.

ಪ್ರಕಾಶ ಅಭ್ಯಾಸ ಮುಗಿಸಿ ಕ್ಯಾತನಹಳ್ಳಿಯ ಗೆಳೆಯನ ಮನೆಗೆ ಸೈಕಲ್ಲಿನಲ್ಲಿ ಹೊರಟವನು ಅಲ್ಲಿಗೆ ತಲುಪಲಿಲ್ಲ. ಸೈಕಲ್ಲು ನಾಲೆಯ ಏರಿಯ ಮೇಲೆ ಸಿಕ್ಕಿತು. ತಿಂಗಳು ಕಳೆದು ಕೆಳಗಿನ ತೂಬಿನಲ್ಲಿ ಒಂದು ಹೆಣ ಸಿಕ್ಕಿತು. ಮುಖದ ಗುರುತು ಹತ್ತುವಂತಿರಲಿಲ್ಲ. ಪೊಲೀಸಿನವನು ಮೈಮೇಲಿದ್ದ ಬಟ್ಟೆಯ ಒಂದು ತೋಳು, ಒಂದು ಕಾಲರು ಪೊಟ್ಟಣ ಕಟ್ಟಿಕೊಂಡು ಕಿರಂಗೂರಿಗೆ ಬಂದ. ನೀಲಿ ಜೆರ್ಸಿ ಹಾಕುವ ತಂಡಗಳು ಸುತ್ತಲೂ ಹತ್ತಾರು. ದರ್ಜಿಯೇ ಹೇಳಬೇಕಿತ್ತು.

ಕಾಳಪ್ಪನ ಮನೆಯಲ್ಲಿ ಒಂದು ಪದ್ಧತಿ ಉಂಟು. ಪ್ರತಿ ಜೆರ್ಸಿಯ ಕಾಲರಿನ ಒಳಮಗ್ಗುಲಲ್ಲಿ, ಕಾಳಿಕಾಂಬೆಯ ಹೆಸರು ಹೇಳಿ, ಕೆಂಪು ದಾರದ ಮೂರು ಹೊಲಿಗೆ. ಆಡುವವನ ಮೈಗೆ ರಕ್ಷೆ. ಮೂರು ವರ್ಷದ ಹಿಂದೆ ಸೊಸೆ ಮನೆಗೆ ಬಂದಂದಿನಿಂದ ಕಾಜಾ ಗುಂಡಿಯ ಜೊತೆಗೆ ಅದೂ ಅವಳದೇ ಕೈಗೆಲಸ.

ಅಂದು ಕಾಳಪ್ಪ ಕಾಲರನ್ನು ಬೆರಳುಗಳ ನಡುವೆ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದ. ಅನುಶ್ರೀ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಮ್ ಒಲಿಗೆ ಅಲ್ಲ ಸ್ವಾಮಿ," ಎಂದ. "ನಮ್ದಾದ್ರೆ ಕೆಂಪು ದಾರ ಇರ್ತದೆ."

ಬಟ್ಟೆಯನ್ನು ಸುರುಳಿ ಸುತ್ತಿ ಪೊಟ್ಟಣದಲ್ಲಿಟ್ಟು ಹಿಂದಕ್ಕೆ ಕೊಟ್ಟ. ಹೆಣ ವಾರಸುದಾರರಿಲ್ಲದೆ ಬೆಂಕಿಗೆ ಹೋಯಿತು. ಅನುಶ್ರೀಯ ಬಳೆ ಉಳಿದವು.

ಅಂದಿನಿಂದ ಕಾಳಪ್ಪ ಪ್ರತಿ ಅಮಾವಾಸ್ಯೆ, ಜನ ಸತ್ತವರಿಗೆ ಎಳ್ಳುನೀರು ಬಿಡುವ ಕಾವೇರಿಯ ಪಶ್ಚಿಮವಾಹಿನಿಗೆ ಹೋಗಿ ಮುಳುಗಿ ಬರುತ್ತಿದ್ದ. ಮಗ ಬರಲೆಂದು ಹರಕೆ ಎಂದು ಸೊಸೆಗೆ ಹೇಳಿದ್ದ. ಅವಳು ಮಡಿ ಪಂಚೆ ಮಡಿಸಿ ಕೊಡುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ.

"ತಂಡಕ್ಕೆ ಏಳನೇ ನಂಬರ್ ಬೇಕಣ್ಣ," ಎಂದ ತಿಮ್ಮರಾಜು ಮೆಲ್ಲಗೆ. "ಓದ್ ಸೀಜನ್ನೆಲ್ಲ ಕಾದ್ವಿ."

"ಇನ್ನೊಂದ್ ವರ್ಸ ಕಾಯ್ರಪ್ಪ," ಎಂದ ಕಾಳಪ್ಪ. "ನೀವು ಬ್ಯಾರೇವ್ನಿಗೆ ಕೊಟ್ಬುಟ್ರೆ, ಪ್ರಕಾಸ ಓದ ಅಂತ ನೀವೇ ಒಪ್ಕಂಡಂಗೆ. ನಾಳೀಕೇ ಊರೋರು ಬಂದು ಈ ಮಗೀನ ಬಳೆ ಒಡೀತಾರೆ. ಇಪ್ಪತ್ಮೂರು ವರ್ಸ ಕಣಪ್ಪ ಇವ್ಳಿಗೆ."

ತಿಮ್ಮರಾಜು ಅನುಶ್ರೀಯ ಕಡೆ ತಿರುಗಿದ. "ನೀನೇ ಏಳವ್ವ."

"ಮಾವ ಏಳ್ದಂಗೇ ಆಗ್ಲಿ ಕಣಣ್ಣ," ಎಂದಳು. ಆಮೇಲೆ, "ಮಾವ, ಮೊದ್ಲು ಕಾಲರು ನೋಡ್ಬುಡಿ. ಈ ಸಲ ನೀವು ನೋಡೇ ಇಲ್ಲ."

ಪ್ರತಿ ವರ್ಷ ಅವನೇ ನೋಡುತ್ತಿದ್ದ. ಈ ವರ್ಷ ಮನಸ್ಸಾಗಿರಲಿಲ್ಲ. ಕಾಳಪ್ಪ ಕನ್ನಡಕ ಏರಿಸಿ ಒಂದೊಂದೇ ಜೆರ್ಸಿ ಮಗುಚಿದ. ಗೋಲ್‌ಕೀಪರನದರಲ್ಲಿ ಮೂರು ಕೆಂಪು ಹೊಲಿಗೆ. ಎರಡನೇ ನಂಬರಿನದರಲ್ಲೂ ಮೂರು. ಮೂರರಲ್ಲಿ, ನಾಲ್ಕರಲ್ಲಿ, ಮುಂದಿನವುಗಳಲ್ಲೂ ಇರುವೆ ಸಾಲಿನಷ್ಟು ಸಣ್ಣಗೆ, ನೇರವಾಗಿ.

ಏಳರಲ್ಲಿ ಏನೂ ಇರಲಿಲ್ಲ.

ಕಣ್ಣು ಮಂಜೆಂದುಕೊಂಡು ಉಗುರಿನಿಂದ ತಡವಿದ. ಕಿಟಕಿಯ ಬಳಿಗೆ ಒಯ್ದ. ಬರಿದಾದ ಬಿಳಿ ಬಟ್ಟೆ. ಅನುಶ್ರೀ ಮರೆಯುವ ಹೆಣ್ಣಲ್ಲ.

ತಿರುಗಿ ನೋಡಿದ. ಅವಳ ಕೈಯಲ್ಲಿ ಸೂಜಿ ಇತ್ತು. ಕೆಂಪು ದಾರ ಆಗಲೇ ಪೋಣಿಸಿಯಾಗಿತ್ತು.

"ಕೊಡಿ ಮಾವ. ಆ ಸಂತೋಷಣ್ಣನ ಎಸ್ರೇಳಿ ಆಕ್ತೀನಿ. ಆಡೋನ ಕಾಲರು ಬರಿದಾಗಿರ್ಬಾರ್ದು." ಅವಳ ದನಿ ತಗ್ಗಿತು. "ನಾಳಿದ್ದು ಅಮಾಸೆ. ನೀವೊಬ್ರೇ ಓಗೋದು ಸಾಕು. ನಾನೂ ಬತ್ತೀನಿ."

ಕಾಳಪ್ಪ ಕನ್ನಡಕ ತೆಗೆದ. ಜೆರ್ಸಿಯನ್ನು ಸೊಸೆಯ ಮಡಿಲಿಗೆ ಚಾಚಿದ.

"ಭುಜ ಎರಡಂಗುಲ ಇಡೀಬೇಕು, ತಾಯಿ," ಎಂದ. "ಆ ಸಂತೋಷ ಸಣಕಲ."

ಪೊಲೀಸಿನವನು ಅಂದು ಪೊಟ್ಟಣ ಬಿಚ್ಚಿದಾಗ, ಕಾಳಪ್ಪನ ಹೆಬ್ಬೆರಳು ಕಾಲರನ್ನು ಮುಚ್ಚುವ ಮುನ್ನವೇ, ತಾನು ಹಾಕಿದ್ದ ಮೂರು ಕೆಂಪು ಹೊಲಿಗೆಗಳನ್ನು ಅನುಶ್ರೀ ಬಾಗಿಲಿನಿಂದ ಕಂಡಿದ್ದಳು.