ಇಪ್ಪತ್ತು ಹೆಜ್ಜೆ

ಮೂವತ್ತು ವರ್ಷಗಳಿಂದ ನಮ್ಮ ಚರ್ಚಿನ ಮದುವೆಗಳಿಗೆ ಆರ್ಗನ್ ನುಡಿಸುವವನು ನಾನೇ. ತನ್ನ ಮದುವೆಯ ಹಿಂದಿನ ದಿನ ಲಿಡಿಯಾ ಬಂದು ಕೇಳಿದಳು.

“ಮಾಸ್ಟ್ರೇ, ಸ್ಟ್ರೋಕ್ ಆದ ಮೇಲೆ ಅಪ್ಪ ತುಂಬಾ ನಿಧಾನ ನಡೀತಾರೆ. ನಾವು ಒಳಗೆ ಬರುವಾಗ ವೆಡ್ಡಿಂಗ್ ಮಾರ್ಚ್ ಪೂರ್ತಿ ನುಡಿಸ್ತೀರಾ?”

“ಬಾಗಿಲಿಂದ ಪೀಠಕ್ಕೆ ಇರೋದೇ ಇಪ್ಪತ್ತು ಹೆಜ್ಜೆ ಮಗಾ. ಮೊದಲ ಪುಟ ನುಡಿಸಿದ್ರೆ ಧಾರಾಳ ಆಯ್ತು,” ಎಂದೆ.

ಮರುದಿನ ಆ ಪುಟ ಮುಗಿದಾಗ ತಂದೆ ಮಗಳು ಇನ್ನೂ ಹಿಂದಿನ ಬೆಂಚುಗಳ ಬಳಿಯೇ ಇದ್ದರು. ಅದನ್ನೇ ಮತ್ತೊಮ್ಮೆ ನುಡಿಸಿದೆ, ಮಗದೊಮ್ಮೆ ನುಡಿಸಿದೆ. ಜನ ತಿರುಗಿ ನೋಡತೊಡಗಿದರು.

ಮದುವೆ ಮುಗಿದ ಮೇಲೆ ಅವಳ ಅಪ್ಪ ಕೋಲೂರಿಕೊಂಡು ಬಂದು ನನ್ನ ಕೈ ಹಿಡಿದರು.

“ನನ್ನ ಕಾಲಿನಿಂದಾಗಿ ನಿಮ್ಮ ಸಂಗೀತ ಹಾಳಾಯ್ತು ಮಾಸ್ಟ್ರೇ. ಬೇಜಾರು ಮಾಡ್ಬೇಡಿ.”

ನಾನು ತಲೆ ತಗ್ಗಿಸಿದೆ. ಎರಡನೆಯ ಪುಟ ನುಡಿಸಲು ನನಗೆ ಎಂದೂ ಬರುತ್ತಿರಲಿಲ್ಲ.